ಮೂಗು ಹಗುರಾದ ಟ್ರೈಲರ್: ರಾಯಚೂರಿನ ಒಂದು ಹಳೇ ಗಾಡಿಮನೆಯ ಪ್ರಕರಣ

ಇದು ನಮ್ಮ ಮನೆಯದೇ ಪ್ರಕರಣ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ, ಒಳಗೆ ಹಾಸಿಗೆ, ಸಣ್ಣ ಅಡುಗೆ ಕಟ್ಟೆ, ಫ್ರಿಜ್ ಇರುವ ಒಂದು ಸೆಕೆಂಡ್ ಹ್ಯಾಂಡ್ ಟ್ರೈಲರ್ ಅನ್ನು 2022ರ ನವೆಂಬರ್‌ನಲ್ಲಿ ತಗೊಂಡೆವು. ಓಣಿಯವರು ಅದಕ್ಕೆ ಗಾಡಿಮನಿ ಅಂತಾರೆ. 2025ರ ಯುಗಾದಿವರೆಗೆ ಅದಕ್ಕೆ ಏನೇನು ಮಾಡಿದೆವು, ಎಲ್ಲಿ ದುಡ್ಡು ಕಳೆದೆವು, ಎಲ್ಲಿ ಜೀವ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು ಅನ್ನೋದನ್ನೆಲ್ಲ ಬರೆದಿದ್ದೇನೆ. ಹಳೇ ಟ್ರೈಲರ್ ತಗೊಳ್ಳಬೇಕು, ಅದನ್ನ ಇನ್ನೂ ಚೆನ್ನಾಗಿ ಮಾಡಿಕೊಳ್ಳಬೇಕು ಅಂತ ಇರುವವರು ಪೂರ್ತಿ ಓದಿ. ನಮ್ಮ ದೊಡ್ಡ ತೊಂದರೆ ಹಳೇ ಗಾಡಿಯಿಂದ ಬರಲಿಲ್ಲ. ನಾವು ಮಾಡಿದ ಸುಧಾರಣೆಯಿಂದ ಬಂತು.

ಯಾಕೆ ತಗೊಂಡೆವು

ರಾಯಚೂರಲ್ಲಿ ನಮ್ಮದು ಬೀಜ-ಗೊಬ್ಬರದ ಅಂಗಡಿ. ನಮ್ಮ ಕಡೆ ಯುಗಾದಿ ಹತ್ತಿರ ಬಂತು ಅಂದರೆ ಶ್ರೀಶೈಲದ ಪಾದಯಾತ್ರೆ. ಊರೂರಿಂದ ಜನ ಮಲ್ಲಯ್ಯನ ಹೆಸರು ಹೇಳಿಕೊಂಡು ಹೊರಡುತ್ತಾರೆ, ಕರ್ನೂಲು ದಾಟಿ, ಆತ್ಮಕೂರು ದಾಟಿ, ನಲ್ಲಮಲ ಕಾಡಿನೊಳಗೆ ಭೀಮನಕೊಳ್ಳ ಹತ್ತಿ ಇಳಿದು ಮೇಲೇರುತ್ತಾರೆ. ದಾರಿ ಉದ್ದಕ್ಕೂ ಅನ್ನ, ಮಜ್ಜಿಗೆ, ನೀರು ಕೊಡುವವರು ಇದ್ದೇ ಇರುತ್ತಾರೆ. ಅವ್ವ ಸುಮಾರು ಇಪ್ಪತ್ತು ವರ್ಷ ನಡೆದವಳು. ಆಮೇಲೆ ಮೊಣಕಾಲು ಕೈಕೊಟ್ಟವು. ಜೊತೆಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್.

ಒಂದು ವರ್ಷ ಮನೆಯಲ್ಲೇ ಉಳಿದಳು. ಪಾದಯಾತ್ರೆಯವರು ನಮ್ಮ ಓಣಿ ಮುಂದೆ ಹಾಯ್ದುಹೋದಾಗ ಬಾಗಿಲಲ್ಲಿ ನಿಂತು ನೋಡಿದಳು, ಅವತ್ತು ರಾತ್ರಿ ಊಟ ಮಾಡಲಿಲ್ಲ. ಮರುದಿನ, "ಯಪ್ಪಾ, ನಡಿಯಾಕಂತೂ ಆಗಂಗಿಲ್ಲ. ನಡಿಯೋರಿಗೆ ಒಂದು ಗ್ಲಾಸ್ ಮಜ್ಜಿಗಿ ಆದ್ರೂ ಕೊಡ್ತೀನಿ, ಕರ್ಕೊಂಡು ಹೋಗು" ಅಂದಳು.

ಕರ್ಕೊಂಡು ಹೋಗೋದು ಅಂದರೆ ಎಂಟು-ಹತ್ತು ದಿನ ದಾರಿಯಲ್ಲೇ ಇರಬೇಕು. ರಾತ್ರಿ ಮಲಗಲು ಜಾಗ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಇನ್ಸುಲಿನ್ ತಂಪಾಗಿರಬೇಕು. ಇನ್ನೂ ತೆರೆಯದ ಇನ್ಸುಲಿನ್ ಸೀಸೆ 2ರಿಂದ 8 ಡಿಗ್ರಿ ಒಳಗೆ ಇರಬೇಕು, ಹೆಪ್ಪುಗಟ್ಟಲೂಬಾರದು. ಮಾರ್ಚ್ ಕೊನೆಗೆ ನಮ್ಮಲ್ಲಿ ಹೊರಗೆ 39-40 ಡಿಗ್ರಿ. ಹಾಗಾಗಿ ಈ ಟ್ರೈಲರ್‌ನಲ್ಲಿ ಫ್ರಿಜ್ ಅನ್ನೋದು ನಮಗೆ ಶೋಕಿ ಆಗಿರಲಿಲ್ಲ. ಮುಂದಿನ ಕಥೆಯೆಲ್ಲ ಈ ಫ್ರಿಜ್ ಸುತ್ತಲೇ ತಿರುಗುತ್ತದೆ.

ತಗೊಳ್ಳುವಾಗ ನೋಡಿದ್ದು, ನೋಡದೇ ಬಿಟ್ಟದ್ದು

ಬೆಂಗಳೂರು ಕಡೆಯವರೊಬ್ಬರು ಮಾರುತ್ತಿದ್ದರು. 2016ರಲ್ಲಿ ಕಟ್ಟಿಸಿದ್ದು. ಒಂದೇ ಆ್ಯಕ್ಸಲ್, ಎರಡು ಗಾಲಿ, ಒಳಗಿನ ಉದ್ದ 13 ಅಡಿ. ಕಬ್ಬಿಣದ ಫ್ರೇಮ್ ಮೇಲೆ ಫೈಬರ್ ಶೀಟು, ಕೆಳಗೆ ಪ್ಲೈವುಡ್ ನೆಲ. 3 ಲಕ್ಷ 40 ಸಾವಿರಕ್ಕೆ ಮಾತಾಯಿತು.

ಕಾಗದದ ವಿಷಯ ಬೇಗ ಹೇಳಿಬಿಡುತ್ತೇನೆ. ಟ್ರೈಲರ್‌ಗೆ ತನ್ನದೇ ಆರ್‌ಸಿ, ತನ್ನದೇ ನಂಬರ್ ಇರುತ್ತದೆ. ಕಾರಿನ ಕಾಗದದಲ್ಲಿ ಅದು ಸೇರಿಹೋಗುವುದಿಲ್ಲ. ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಫ್ರೇಮ್ ಮೇಲೆ ಕೊರೆದಿರುವ ನಂಬರ್ ಜೊತೆ ಕೂಡಿಸಿ ನೋಡಿ, ಮಣ್ಣು ಕೆರೆದಾದರೂ ನೋಡಿ. ನಮ್ಮದು ಒಂದೇ ರಾಜ್ಯದೊಳಗಿನ ವ್ಯವಹಾರ, ಹಾಗಾಗಿ ಫಾರಂ 29 ಮತ್ತು 30ರಲ್ಲಿ ಹೆಸರು ಬದಲಾಯಿತು. ಬೇರೆ ರಾಜ್ಯದ ಗಾಡಿ ಆಗಿದ್ದರೆ ಮೊದಲು ಅಲ್ಲಿಂದ ಫಾರಂ 28ರ ಎನ್‌ಒಸಿ ತರಬೇಕಿತ್ತು. ವಿಮೆ ಕೂಡ ಟ್ರೈಲರ್ ಹೆಸರಲ್ಲಿ ಬೇರೆಯಾಗಿ ಮಾತಾಡಿಕೊಳ್ಳಿ.

ಟಯರ್ ನೋಡಿದೆವು. ಹಲ್ಲು ಹೊಸದರಂತೆ ಇತ್ತು. ಆದರೆ ಟಯರ್ ಬದಿಯಲ್ಲಿ ಕೊನೆಯ ನಾಲ್ಕು ಅಂಕಿ ಇರುತ್ತವೆ ನೋಡಿ, ಅದು 2216 ಅಂತ ಇತ್ತು. ಅಂದರೆ 2016ನೇ ಇಸವಿಯ 22ನೇ ವಾರದಲ್ಲಿ ಮಾಡಿದ ಟಯರ್. ಆರು ವರ್ಷ ದಾಟಿತ್ತು. ಟ್ರೈಲರ್ ಟಯರ್ ಸವೆದು ಸಾಯುವುದು ಕಡಿಮೆ, ನಿಂತ ಜಾಗದಲ್ಲೇ ಬಿಸಿಲಿಗೆ ಒಣಗಿ ಸಾಯುತ್ತದೆ. ಉಗುರಿನಿಂದ ಬಗ್ಗಿಸಿ ನೋಡಿದರೆ ಸಣ್ಣ ಸಣ್ಣ ಬಿರುಕು, ಬೇಸಿಗೆಯ ಕೆರೆ ಅಂಗಳದ ಹಾಗೆ. ಸ್ಟೆಪ್ನಿ ಸೇರಿಸಿ ಮೂರೂ ಬದಲಾಯಿಸಿದೆವು, 13,500 ರೂಪಾಯಿ. ಅದು ನಾವು ಮೊದಲ ದಿನ ಮಾಡಿದ ಒಳ್ಳೇ ಕೆಲಸ.

ಬಿಟ್ಟದ್ದು ಎರಡು. ಬೇರಿಂಗ್ ಬಿಚ್ಚಿ ನೋಡಲಿಲ್ಲ. ತೂಕ ಮಾಡಲಿಲ್ಲ. ದಿನಾ ತಕ್ಕಡಿ ಮುಂದೆ ಕೂರುವ ನಾನೇ ತೂಕ ಮಾಡಲಿಲ್ಲ ಅನ್ನೋದು ಇವತ್ತಿಗೂ ನನಗೆ ನೋವು. ಒಳಗೆ ಹೋಗಿ ಗಾದಿ ಒತ್ತಿ ನೋಡಿದೆವು, ಲೈಟ್ ಹಾಕಿ ನೋಡಿದೆವು, ಪರದೆ ಬದಲಾಯಿಸಬೇಕು ಅಂತ ಮಾತಾಡಿದೆವು.

ಮೊದಲ ಯಾತ್ರೆ, ಮಾರ್ಚ್ 2023

ಆ ವರ್ಷ ಯುಗಾದಿ ಮಾರ್ಚ್ 22ಕ್ಕೆ ಇತ್ತು. ನಮ್ಮ ಹಳೇ ಬೊಲೆರೊಗೆ ಹಿಂದೆ ಹುಕ್ ಹಾಕಿಸಿ ಟ್ರೈಲರ್ ಕಟ್ಟಿದೆವು. ನಾನು, ನನ್ನ ಹೆಂಡತಿ, ಅವ್ವ. ನಡೆಯುವವರು ನಮ್ಮ ಬೀಗರ ಕಡೆಯ ಹನ್ನೊಂದು ಜನ. ಅವರು ಕಾಲುದಾರಿ, ನಾವು ಡಾಂಬರ್ ದಾರಿ, ರಾತ್ರಿ ಒಂದು ಕಡೆ ಸೇರೋದು.

ಮಂತ್ರಾಲಯ ದಾಟಿ ಚಹಾಕ್ಕೆ ನಿಲ್ಲಿಸಿದಾಗ, ಸುಮ್ನೆ ಗಾಲಿಯ ನಡುವಿನ ಹಬ್ ಮೇಲೆ ಕೈ ಇಟ್ಟೆ. ಬಲಗಡೆಯದು ಬೆಚ್ಚಗಿತ್ತು. ಎಡಗಡೆಯದು ಕೈ ಇಟ್ಟರೆ ಚುರ್ ಅನ್ನಿಸುವಷ್ಟು ಬಿಸಿ. ಹತ್ತಿರದಲ್ಲೇ ಟ್ರ್ಯಾಕ್ಟರ್ ಟ್ರಾಲಿ ರಿಪೇರಿ ಮಾಡುವವರೊಬ್ಬರು ಸಿಕ್ಕರು, ಬಿಚ್ಚಿದರು. ಒಳಗಿನ ಗ್ರೀಸ್ ಒಣಗಿ ಡಾಂಬರ್ ತರ ಕರ್ರಗಾಗಿ ಉಂಡೆ ಕಟ್ಟಿತ್ತು, ಬೇರಿಂಗ್‌ನ ರೋಲರ್‌ಗಳಿಗೆ ನೀಲಿ ಬಣ್ಣ ಬಂದಿತ್ತು. ಇನ್ನೊಂದು ಐವತ್ತು ಕಿಲೋಮೀಟರ್ ಓಡಿಸಿದ್ದರೆ ಗಾಲಿಯೇ ಕಳಚಿ ಹೋಗುತ್ತಿತ್ತೇನೋ.

ಎರಡೂ ಕಡೆ ಬೇರಿಂಗ್, ಸೀಲ್ ಬದಲಾಯಿಸಿದರು. ಅವರು ನಟ್ ಬಿಗಿ ಮಾಡಿದ ರೀತಿ ನೋಡಿ ಕಲಿತೆ. ಒಂದು ಕೈಯಲ್ಲಿ ಗಾಲಿ ತಿರುಗಿಸುತ್ತಲೇ ಇನ್ನೊಂದು ಕೈಯಲ್ಲಿ ನಟ್ ಬಿಗಿ ಮಾಡುತ್ತಾ ಬಂದರು. ಗಾಲಿ ಸ್ವಲ್ಪ ಭಾರ ಅನಿಸಿದ ಕೂಡಲೇ ನಿಲ್ಲಿಸಿ, ನಟ್ ಅನ್ನು ಒಂದಿಷ್ಟು ಹಿಂದಕ್ಕೆ ಬಿಟ್ಟು, ಹತ್ತಿರದ ತೂತಿಗೆ ಹೊಸ ಸ್ಪ್ಲಿಟ್ ಪಿನ್ ಹಾಕಿ ಮಡಚಿದರು. ಹಳೇ ಪಿನ್ ಮತ್ತೆ ಹಾಕಲು ಬಿಡಲಿಲ್ಲ. ಆಮೇಲೆ ಗಾಲಿಯನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ ತೋರಿಸಿದರು: ಕಟಕಟ ಅನ್ನಬಾರದು, ಆದರೆ ಸಲೀಸಾಗಿ ತಿರುಗಬೇಕು. ಅವತ್ತಿಂದ ಪ್ರತಿ ನಿಲುಗಡೆಯಲ್ಲೂ ಹಬ್ ಮೇಲೆ ಕೈ ಇಡುವುದು ನನ್ನ ಕೆಲಸ. ವರ್ಷಕ್ಕೊಮ್ಮೆ ಯಾತ್ರೆಗೆ ಮುಂಚೆ ಬಿಚ್ಚಿಸಿ ಗ್ರೀಸ್ ತುಂಬಿಸುತ್ತೇನೆ.

ಅದೇ ಯಾತ್ರೆಯಲ್ಲಿ ಎರಡನೇ ತೊಂದರೆ. ಫ್ರಿಜ್ 12 ವೋಲ್ಟಿನದು, 40 ಲೀಟರ್. ಹಗಲು ಸರಿಯಾಗಿ ಓಡುತ್ತಿತ್ತು. ರಾತ್ರಿ ಎರಡು-ಮೂರು ಗಂಟೆಗೆ ತಾನೇ ಆಫ್. ಬೆಳಿಗ್ಗೆ ನೋಡಿದರೆ ಒಳಗೆ 16 ಡಿಗ್ರಿ. ಆತ್ಮಕೂರಿನಲ್ಲಿ ಹೆಂಡತಿ ಒಂದು ಮಣ್ಣಿನ ಗಡಿಗೆ ಕೊಂಡು, ಅದಕ್ಕಿಂತ ದೊಡ್ಡ ಗಡಿಗೆಯೊಳಗೆ ಇಟ್ಟು, ನಡುವೆ ಮರಳು ತುಂಬಿ ನೀರು ಹಾಕಿ, ಇನ್ಸುಲಿನ್ ಅದರೊಳಗೆ ಇಟ್ಟಳು. ಗಡಿಗೆಯಿಂದ 8 ಡಿಗ್ರಿ ಬರುವುದಿಲ್ಲ, ಹೊರಗಿನ ಬಿಸಿಗಿಂತ ಎಷ್ಟೋ ಕಡಿಮೆ ಮಾತ್ರ ಇರುತ್ತದೆ. ಬಳಸುತ್ತಿರುವ ಸೀಸೆಗೆ ಕೆಲವು ದಿನಕ್ಕೆ ಅಷ್ಟು ಸಾಕಾಯಿತು. ಉಳಿದ ಸೀಸೆಗಳನ್ನು ನಂಬಲಿಲ್ಲ, ಊರಿಗೆ ಬಂದು ಹೊಸದು ತಂದೆವು.

ಮಳೆಗಾಲ

ಆ ಸೆಪ್ಟೆಂಬರ್‌ನಲ್ಲಿ ನಾಲ್ಕು ದಿನ ಬಿಡದೆ ಮಳೆ ಬಂತು. ಹಿಂದಿನ ಮೂಲೆಯ ಗೋಡೆ ಕಂದಿತ್ತು. ಬೆರಳಿನಿಂದ ತಟ್ಟಿದರೆ ಬೇರೆ ಕಡೆ ಟಕ್ ಟಕ್ ಅನ್ನುತ್ತದೆ, ಅಲ್ಲಿ ಮಾತ್ರ ಡಬ್ ಡಬ್. ನೆಲಕ್ಕೆ ಸ್ಕ್ರೂಡ್ರೈವರ್ ಚುಚ್ಚಿದೆ, ಹಾಲಲ್ಲಿ ನೆನೆದ ರೊಟ್ಟಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು.

ಮೇಲೆ ಹತ್ತಿ ನೋಡಿದರೆ, ಗಾಳಿ ಕಿಂಡಿಯ ಸುತ್ತ ಹಿಂದಿನವರು ಸಿಲಿಕಾನ್ ಬಳಿದಿದ್ದರು. ಅದರ ಮೇಲೆ ಇನ್ನೊಂದು ಸಲ ಸಿಲಿಕಾನ್. ಎರಡನೇ ಪದರ ಚರ್ಮದ ಹಾಗೆ ಎದ್ದು ಬರುತ್ತಿತ್ತು. ಸಿಲಿಕಾನ್ ಮೇಲೆ ಯಾವುದೂ ಹಿಡಿಯುವುದಿಲ್ಲ, ಇನ್ನೊಂದು ಸಿಲಿಕಾನ್ ಕೂಡ. ಎಲ್ಲ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಕಿಂಡಿ ಬಿಚ್ಚಿ ಅದರ ಚೌಕಟ್ಟಿನ ಕೆಳಗೆ ಬ್ಯುಟೈಲ್ ಟೇಪ್ ಹಾಕಿ ಕೂರಿಸಿ, ಅಂಚಿಗೆ ಪಾಲಿಯುರಿಥೇನ್ ಸೀಲಂಟ್ ಹಾಕಿದೆವು. ಕೊಳೆತ ಪ್ಲೈವುಡ್ ಎರಡು ಅಡಿ ಕತ್ತರಿಸಿ ಮರೈನ್ ಪ್ಲೈ ಹಾಕಿಸಿದೆವು. ಒಟ್ಟು 6,800. ಬಡಗಿ ಎರಡು ದಿನ ತಗೊಂಡ. ಅದಾದ ಮೇಲೆ ಸೋರಿಲ್ಲ. ಆದರೆ ಪ್ರತಿ ಮೇ ತಿಂಗಳು ಏಣಿ ಹಾಕಿ ಮೇಲೆ ಹತ್ತಿ ನೋಡುತ್ತೇನೆ. ನಮ್ಮ ಬಿಸಿಲು ಯಾವ ಅಂಟನ್ನೂ ಬಹಳ ವರ್ಷ ಬಿಡುವುದಿಲ್ಲ.

ಗ್ಯಾಸ್ ಪೈಪ್ ಹೊಸದು ಹಾಕಿದೆವು, ಐದು ವರ್ಷದ ಗಡುವಿನದು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ, ಅದಕ್ಕೆ ನೆಲಮಟ್ಟದಲ್ಲಿ ತೂತು ಇರಲೇಬೇಕು. ನಮ್ಮ ಗಾಡಿಯಲ್ಲಿ ಆ ತೂತನ್ನು ಇಲಿ ಬರುತ್ತದೆ ಅಂತ ಯಾರೋ ಬಟ್ಟೆ ತುರುಕಿ ಮುಚ್ಚಿದ್ದರು. ಬಟ್ಟೆ ತೆಗೆದು ಜಾಲರಿ ಹಾಕಿದೆವು.

ಪಾಯಿಖಾನೆ ವಿಷಯ ಅವ್ವನೇ ತೀರ್ಮಾನ ಮಾಡಿದಳು. ಗಾಡಿಯೊಳಗೆ ಡಬ್ಬಿ ಟಾಯ್ಲೆಟ್ ಇತ್ತು. "ಅಡಗಿ ಮಾಡೋ ಕ್ವಾಣ್ಯಾಗ ಅದೇನಪಾ" ಅಂದಳು, ಮೊದಲ ಯಾತ್ರೆಯಲ್ಲಿ ಒಂದು ದಿನವೂ ಬಳಸಲಿಲ್ಲ. ಅದನ್ನು ತೆಗೆದು, ಗಾಡಿ ಪಕ್ಕಕ್ಕೆ ನಿಲ್ಲಿಸುವ ಸಣ್ಣ ಡೇರೆಯೊಳಗೆ ಕುರ್ಚಿ ತರದ್ದು ಇಟ್ಟೆವು. ಅವಳ ಮಾತು ಸರಿ ಅಂತಲೇ ನನಗೂ ಅನಿಸುತ್ತದೆ. ಜಾಗವೂ ಉಳಿಯಿತು.

ಬ್ಯಾಟರಿ ಹಾಕಿದೆವು

ಈಗ ಮುಖ್ಯ ವಿಷಯ. ಫ್ರಿಜ್ ರಾತ್ರಿ ಆಫ್ ಆಗುತ್ತದೆ ಅಂದರೆ ಬ್ಯಾಟರಿ ಸಾಲುತ್ತಿಲ್ಲ ಅಂತ ಎಲ್ಲರೂ ಅಂದರು. ನನಗೂ ಹಾಗೇ ಅನಿಸಿತು. ಇದ್ದದ್ದು ಒಂದು 100 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಕರೆಂಟ್ ಹಿಡಿಯುತ್ತದೆ ಅನ್ನೋ ಅಳತೆ) ಬ್ಯಾಟರಿ, ಗಾಡಿಯ ಮೂಗಿನ ಮೇಲೆ, ಅಂದರೆ ಕಾರಿಗೆ ಕೊಂಡಿ ಹಾಕುವ ತುದಿಯ ಹತ್ತಿರದ ಪೆಟ್ಟಿಗೆಯಲ್ಲಿ. ಫ್ರಿಜ್ ಇದ್ದದ್ದು ಹಿಂದಿನ ಅಡುಗೆ ಕಟ್ಟೆ ಕೆಳಗೆ.

2023ರ ಡಿಸೆಂಬರ್‌ನಲ್ಲಿ ಹಳೇ ಬ್ಯಾಟರಿ ತೆಗೆದು, ಮನೆ ಇನ್ವರ್ಟರ್‌ಗೆ ಹಾಕುವ 150 ಎಎಚ್ ಟ್ಯೂಬುಲರ್ ಬ್ಯಾಟರಿ ಎರಡು ತಂದೆವು. 34 ಸಾವಿರ. ಒಂದೊಂದು 55 ಕೆಜಿ. ಮುಂದಿನ ಪೆಟ್ಟಿಗೆಯಲ್ಲಿ ಹಿಡಿಸಲಿಲ್ಲ, ಹಿಂದೆ ಅವ್ವನ ಹಾಸಿಗೆ ಕೆಳಗೆ, ಫ್ರಿಜ್ ಪಕ್ಕದಲ್ಲೇ ಇಟ್ಟೆವು. ಜೊತೆಗೆ ಹಿಂದೆಯೇ 50 ಲೀಟರಿನ ನೀರಿನ ಟ್ಯಾಂಕ್. ಸ್ಟೆಪ್ನಿ ಮೊದಲೇ ಹಿಂಬದಿಗೆ ನೇತಾಡುತ್ತಿತ್ತು.

ಫ್ರಿಜ್ ಸರಿಹೋಯಿತು! ಮನೆ ಮುಂದೆ ಮೂರು ರಾತ್ರಿ ಓಡಿಸಿ ನೋಡಿದೆವು, 5 ಡಿಗ್ರಿ ಬಿಟ್ಟು ಅಲುಗಲಿಲ್ಲ. ಕಾರಣ ಸಿಕ್ಕಿತು ಅಂತ ಎಲ್ಲರಿಗೂ ಸಮಾಧಾನ.

ಇನ್ನೊಂದು ವಿಷಯ ಆವಾಗಲೇ ಕಣ್ಣಿಗೆ ಬಿದ್ದಿತ್ತು, ಅರ್ಥ ಆಗಲಿಲ್ಲ. ಮೊದಲು ಟ್ರೈಲರ್ ಮೂಗು ಎತ್ತಿ ಹುಕ್ ಮೇಲೆ ಕೂರಿಸಲು ನಾನು, ನನ್ನ ಅಳಿಯ ಇಬ್ಬರೂ ಉಸಿರು ಬಿಗಿಹಿಡಿಯಬೇಕಿತ್ತು. ಈಗ ಎಂಟನೇ ಕ್ಲಾಸಿನ ಮಗ ಒಬ್ಬನೇ ಎತ್ತಿ ಕೂರಿಸಿದ. ಅವನ ಬೆನ್ನು ತಟ್ಟಿ ಶಾಬಾಸ್ ಅಂದೆ.

ದೇವಸೂಗೂರು ರಸ್ತೆಯಲ್ಲಿ

2024ರ ಫೆಬ್ರವರಿ. ಯಾತ್ರೆಗೆ ಮುಂಚೆ ಒಂದು ಸಲ ಓಡಿಸಿ ನೋಡೋಣ, ಅವ್ವನಿಗೆ ಸೂಗೂರೇಶ್ವರನ ದರ್ಶನವೂ ಆಗುತ್ತದೆ ಅಂತ ದೇವಸೂಗೂರಿಗೆ ಹೊರಟೆವು. ನೀರಿನ ಟ್ಯಾಂಕ್ ತುಂಬಿತ್ತು. ಹೈದರಾಬಾದ್ ಕಡೆ ಹೋಗುವ ಆ ರಸ್ತೆಯಲ್ಲಿ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಬೂದಿ ಟ್ಯಾಂಕರ್‌ಗಳ ಓಡಾಟ ಜಾಸ್ತಿ.

ಸ್ಪೀಡ್ 65 ಇತ್ತು. ಹಿಂದಿಂದ ಒಂದು ಬೂದಿ ಟ್ಯಾಂಕರ್ ಬಂದು ಓವರ್‌ಟೇಕ್ ಮಾಡಿತು. ಅದು ಪಕ್ಕದಲ್ಲಿ ಹಾಯುವಾಗ ಟ್ರೈಲರ್ ಒಮ್ಮೆ ಆ ಕಡೆ ವಾಲಿತು. ವಾಲಿದ್ದು ವಾಪಸ್ ಬರುವಾಗ ಈ ಕಡೆಗೆ ಇನ್ನೂ ಜಾಸ್ತಿ. ಮತ್ತೆ ಆ ಕಡೆ. ಕನ್ನಡಿಯಲ್ಲಿ ಒಮ್ಮೆ ಎಡಗಡೆ ಟ್ರೈಲರ್ ಕಾಣಿಸುತ್ತದೆ, ಒಮ್ಮೆ ಬಲಗಡೆ, ಎಮ್ಮೆ ಬಾಲ ಬೀಸಿದ ಹಾಗೆ. ಬೊಲೆರೊದ ಹಿಂಭಾಗ ಅದರ ಜೊತೆ ಎಳೆದಾಡುತ್ತಿದೆ. ಸ್ಟೀರಿಂಗ್ ತಿರುಗಿಸಿ ಸರಿಮಾಡಲು ಹೋದೆ, ಜಾಸ್ತಿ ಆಯಿತು. ಬ್ರೇಕ್ ಮೇಲೆ ಕಾಲು ಹೋಗಿತ್ತು, ಯಾಕೋ ಒತ್ತಲಿಲ್ಲ. ಆ್ಯಕ್ಸಿಲರೇಟರ್ ಬಿಟ್ಟು ಸ್ಟೀರಿಂಗ್ ನೆಟ್ಟಗೆ ಗಟ್ಟಿಯಾಗಿ ಹಿಡಿದು ಕೂತೆ. 40ಕ್ಕೆ ಇಳಿದ ಮೇಲೆ ತಾನೇ ನಿಂತಿತು. ಹಿಂದಿನ ಸೀಟಿನಲ್ಲಿ ಅವ್ವ ಮಲ್ಲಯ್ಯಾ ಮಲ್ಲಯ್ಯಾ ಅನ್ನುತ್ತಿದ್ದಳು. ಪಕ್ಕಕ್ಕೆ ನಿಲ್ಲಿಸಿ ಇಳಿದರೆ ನನ್ನ ಕಾಲು ನಿಲ್ಲುತ್ತಿರಲಿಲ್ಲ.

ಆಮೇಲೆ ತಿಳಿದವರನ್ನು ಕೇಳಿದಾಗ ಗೊತ್ತಾಯಿತು, ಅಂಥ ಹೊತ್ತಲ್ಲಿ ಗಾಬರಿಯಿಂದ ಬ್ರೇಕ್ ಒತ್ತಬಾರದು, ಸ್ಟೀರಿಂಗ್‌ನಿಂದ ಅದರ ಜೊತೆ ಗುದ್ದಾಡಬಾರದು, ಆ್ಯಕ್ಸಿಲರೇಟರ್ ಬಿಟ್ಟು ನೆಟ್ಟಗೆ ಹಿಡಿದು ಸ್ಪೀಡ್ ಇಳಿಯಲು ಬಿಡಬೇಕು. ನಾನು ಗೊತ್ತಿದ್ದು ಮಾಡಿದ್ದಲ್ಲ.

ತೂಕ

ವಾಪಸ್ 35ರ ಸ್ಪೀಡಿನಲ್ಲಿ ಬಂದು, ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ಮೇಸ್ತ್ರಿ ಒಬ್ಬರ ಹತ್ತಿರ ಹೋದೆ. ಅರವತ್ತು ದಾಟಿದ ಮನುಷ್ಯ. ಗಾಡಿ ಕೆಳಗೆ ನೋಡಲಿಲ್ಲ, ಗಾಲಿ ನೋಡಲಿಲ್ಲ. ಮೂಗಿಗೆ ಕೈ ಹಾಕಿ ಒಮ್ಮೆ ಎತ್ತಿ ಬಿಟ್ಟರು.

"ಸಾವ್ಕಾರ್ರ, ಬಂಡಿ ಹೊಡೆದೀರೇನ್ರಿ? ಹಿಂದ ಭಾರ ಆದ್ರ ನೊಗ ಮ್ಯಾಲ ಏಳ್ತದ, ಎತ್ತಿನ ಕೊಳ್ಳು ಹಿಡೀತದ. ನಿಮ್ಮ ಗಾಡಿಗಿ ಅದ ಆಗ್ಯಾದ. ಹಿಂದೇನು ಹಾಕೀರಿ?"

ಬ್ಯಾಟರಿ, ಟ್ಯಾಂಕ್ ಅಂದೆ. ತೂಕ ಮಾಡಿಕೊಂಡು ಬರ್ರಿ ಅಂದರು.

ಮೊದಲು ಅಕ್ಕಿ ಮಿಲ್ಲಿನ ಕಾಟಾದ ಮೇಲೆ ಟ್ರೈಲರ್ ಒಂದನ್ನೇ ನಿಲ್ಲಿಸಿ ತೂಗಿಸಿದೆವು: 910 ಕೆಜಿ. ಆಮೇಲೆ ನಮ್ಮ ಅಂಗಡಿಯ ತಕ್ಕಡಿ, ಗೊಬ್ಬರದ ಚೀಲ ತೂಗುವ 300 ಕೆಜಿಯ ಪ್ಲಾಟ್‌ಫಾರಂ. ಟ್ರೈಲರ್ ಗಾಲಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ತಕ್ಕಡಿ ಮೇಲೆ ಇಟ್ಟಿಗೆ, ಅದರ ಮೇಲೆ ಮರದ ತುಂಡು ಇಟ್ಟು, ಕಾರಿನ ಹುಕ್ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಮೂಗನ್ನು ಕೂರಿಸಿದೆವು. ಎತ್ತರ ಬೇರೆಯಾದರೆ ಲೆಕ್ಕ ತಪ್ಪುತ್ತದೆ. ಇಟ್ಟಿಗೆ, ಮರದ ತೂಕ ಕಳೆದರೆ ಬಂದದ್ದು 22 ಕೆಜಿ.

ಒಟ್ಟು ತೂಕದ 10ರಿಂದ 15 ಶೇಕಡಾ ಮೂಗಿನ ಮೇಲೆ ಇರಬೇಕು ಅನ್ನೋದು ಇಂಥ ಟ್ರೈಲರ್‌ಗೆ ಸಾಮಾನ್ಯವಾಗಿ ಹೇಳುವ ಲೆಕ್ಕ. ನಮ್ಮದಕ್ಕೆ ಕಡಿಮೆ ಅಂದರೂ 91 ಬೇಕಿತ್ತು. ಇದ್ದದ್ದು ಎರಡೂವರೆ ಶೇಕಡಾಕ್ಕೂ ಕಡಿಮೆ. ಹಾಗಂತ ಜಾಸ್ತಿ ಮಾಡಿದರೂ ತಪ್ಪು. ಕಾರಿನ ಹಿಂಭಾಗ ಕುಸಿದು ಮುಂದಿನ ಗಾಲಿ ಹಗುರಾಗುತ್ತದೆ, ಸ್ಟೀರಿಂಗ್ ತೇಲುತ್ತದೆ. ನಮ್ಮ ಹುಕ್‌ಗೆ ಅದನ್ನು ಹಾಕಿಕೊಟ್ಟವರು ಹೇಳಿದ ಮಿತಿ 100 ಕೆಜಿ.

ಅವತ್ತು ಸಂಜೆ ಅಂಗಡಿ ಮುಂದೆಯೇ ಒಂದೊಂದೇ ತೆಗೆದು ತೂಗುತ್ತಾ ಹೋದೆವು. ಟ್ಯಾಂಕ್ ಖಾಲಿ ಮಾಡಿದರೆ ಮೂಗು 28. ಎರಡೂ ಟ್ಯೂಬುಲರ್ ಬ್ಯಾಟರಿ ಇಳಿಸಿದರೆ 69. ಹಳೇ ಬ್ಯಾಟರಿಯನ್ನು ಮುಂದಿನ ಪೆಟ್ಟಿಗೆಯಲ್ಲಿ ಇಟ್ಟರೆ 92. ಗಾಡಿ ಕಟ್ಟಿದವನು ಬ್ಯಾಟರಿಯನ್ನು ಮುಂದೆ ಯಾಕೆ ಇಟ್ಟಿದ್ದ ಅಂತ ಆಗ ಕಣ್ಣಿಗೆ ಕಂಡಿತು. 28 ಕೆಜಿಯ ಬ್ಯಾಟರಿ ಮೂಗಿಗೆ 23 ಕೆಜಿ ಕೊಡುತ್ತಿತ್ತು. ಅದನ್ನು ತೆಗೆದೆವು, ಮೇಲಿಂದ ಹಿಂದಕ್ಕೆ 110 ಕೆಜಿ ಹೇರಿದೆವು. ಆ್ಯಕ್ಸಲ್‌ನಿಂದ ಎಷ್ಟು ದೂರ ಇಡುತ್ತೀರೋ ಅಷ್ಟು ಜಾಸ್ತಿ ಅದು ಎಳೆಯುತ್ತದೆ. ಮಕ್ಕಳು ಏರುಹಲಗೆ ಆಡುವಾಗ ತುದಿಯಲ್ಲಿ ಕೂತವನು ಹೆಚ್ಚು ತೂಗುತ್ತಾನಲ್ವಾ, ಅದೇ.

ವೈರ್

ಲೆಕ್ಕ ಸಿಕ್ಕ ಮೇಲೆ ಒಂದು ಟ್ಯೂಬುಲರ್ ಬ್ಯಾಟರಿಯನ್ನು ಮಾತ್ರ ಮುಂದಿನ ಹಾಸಿಗೆ ಕೆಳಗೆ ಇಟ್ಟು, ಗೋಡೆಯೊಳಗೆ ಮೊದಲಿಂದ ಇದ್ದ ವೈರ್‌ಗೆ ಕೊಟ್ಟೆವು. ಮೂಗು 96 ಬಂತು. ಸರಿ ಅಂದುಕೊಂಡೆವು. ಎರಡನೇ ರಾತ್ರಿ ಫ್ರಿಜ್ ಮತ್ತೆ ಆಫ್. ಬ್ಯಾಟರಿ ನೋಡಿದರೆ 12.2 ವೋಲ್ಟ್, ಅಂದರೆ ಅರ್ಧ ಇನ್ನೂ ಉಳಿದಿದೆ.

ನಮ್ಮ ಅಂಗಡಿಯ ಪಕ್ಕ ಬೋರ್‌ವೆಲ್ ಮೋಟರ್ ವೈಂಡಿಂಗ್ ಮಾಡುವ ಹುಡುಗ ಇದ್ದಾನೆ. ಅವನು ಮೀಟರ್ ತಂದ. ಫ್ರಿಜ್ ಸಾಕೆಟ್‌ನಲ್ಲಿ ಹಿಡಿದ, 12.2. ಎಲ್ಲ ಸರಿ ಇದೆಯಲ್ಲ ಅಂತ ನಾನು ಎದ್ದೆ. "ತಡೀರಣ್ಣ, ಕಂಪ್ರೆಸರ್ ಚಾಲೂ ಆಗಲಿ" ಅಂದ. ಕಂಪ್ರೆಸರ್ ಗುರ್ ಅಂದ ಕೂಡಲೇ ಮೀಟರಿನ ಅಂಕಿ ಇಳಿಯಿತು. 11.3. ಅದೇ ಹೊತ್ತಿಗೆ ಬ್ಯಾಟರಿ ಹತ್ತಿರ 12.2 ಇದೆ. ನಡುವೆ ಸುಮಾರು 0.9 ವೋಲ್ಟ್ ಎಲ್ಲಿ ಹೋಯಿತು? ವೈರ್ ತಿಂದಿತು.

ಗೋಡೆಯೊಳಗೆ ಇದ್ದದ್ದು 1.5 ಚದರ ಮಿಲಿಮೀಟರ್ ವೈರ್, ಮನೆಯಲ್ಲಿ ಲೈಟ್‌ಗೆ ಎಳೆಯುವಂಥದ್ದು. ಮೂಗಿನಿಂದ ಹಿಂದಿನವರೆಗೆ ಸುತ್ತಿಕೊಂಡು 7 ಮೀಟರ್, ಹೋಗಿಬರುವುದು ಸೇರಿ 14. ಆ ದಪ್ಪದ ತಾಮ್ರಕ್ಕೆ ಮೀಟರಿಗೆ ಸುಮಾರು 0.012 ಓಮ್. 14 ಮೀಟರಿಗೆ 0.17. ಫ್ರಿಜ್ ಎಳೆಯುವುದು 5 ಆಂಪಿಯರ್. ಗುಣಿಸಿ, 0.85 ವೋಲ್ಟ್. 230 ವೋಲ್ಟಿನ ಮನೆಯಲ್ಲಿ ಅಷ್ಟು ಹೋದರೆ ಯಾರಿಗೂ ಗೊತ್ತಾಗಲ್ಲ, 12 ವೋಲ್ಟಿನಲ್ಲಿ ಹೋದರೆ ಫ್ರಿಜ್ ಬ್ಯಾಟರಿ ಮುಗಿಯಿತು ಅಂತ ತಿಳಿದು 11.4ಕ್ಕೇ ನಿಂತುಬಿಡುತ್ತದೆ. ಹಗಲು ಛಾವಣಿ ಮೇಲಿನ ಸೋಲಾರ್‌ನಿಂದ ವೋಲ್ಟೇಜ್ ಮೇಲಿರುವಾಗ ಸರಿ ಓಡುತ್ತಿತ್ತು, ರಾತ್ರಿ ಇಳಿದಾಗ ಕೈಕೊಡುತ್ತಿತ್ತು. ದೊಡ್ಡ ಬ್ಯಾಟರಿಗಳನ್ನು ಹಿಂದೆ ಇಟ್ಟಾಗ ಸರಿಹೋದದ್ದಕ್ಕೆ ಕಾರಣ ಬ್ಯಾಟರಿ ದೊಡ್ಡದು ಅಂತಲ್ಲ, ಫ್ರಿಜ್ ಪಕ್ಕದಲ್ಲೇ ಇದ್ದದ್ದರಿಂದ ವೈರ್ ಎರಡು ಅಡಿ ಮಾತ್ರ ಇತ್ತು! ನಾವು ಹಾಕಿದ ಔಷಧಿ ಬೇರೆ, ರೋಗ ವಾಸಿಯಾದ ಕಾರಣ ಬೇರೆ.

6 ಚದರ ಮಿಲಿಮೀಟರ್ ವೈರ್ ಎಳೆದೆವು. ನಷ್ಟ 0.2 ವೋಲ್ಟಿಗೆ ಇಳಿಯಿತು. ವೈರ್, ಲಗ್, ಬ್ಯಾಟರಿ ಹತ್ತಿರ ಒಂದು ಫ್ಯೂಸ್, ಎಲ್ಲ ಸೇರಿ 2,100 ರೂಪಾಯಿ. ಮೊದಲ ಯಾತ್ರೆಯಲ್ಲೇ ಕಂಪ್ರೆಸರ್ ಓಡುವಾಗ ಎರಡೂ ತುದಿಗೆ ಮೀಟರ್ ಹಿಡಿದಿದ್ದರೆ 34 ಸಾವಿರದ ಬ್ಯಾಟರಿ ಬೇಕಿರಲಿಲ್ಲ, ಮೂಗು ಹಗುರಾಗುತ್ತಿರಲಿಲ್ಲ, ದೇವಸೂಗೂರು ರಸ್ತೆಯಲ್ಲಿ ಅವ್ವ ಹಾಗೆ ಕೂಗುತ್ತಿರಲಿಲ್ಲ.

ಆ ಹುಡುಗ ಇನ್ನೊಂದು ಕೇಳಿದ: "ಅಣ್ಣ, ಇದರ ಗಾಳಿ ಎಲ್ಲಿಂದ ಹೊರಗ ಹೋಗತದ?" ಟ್ಯೂಬುಲರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. ಅದನ್ನು ನಾವು ಮುಚ್ಚಿದ ಹಲಗೆ ಕೆಳಗೆ ಇಟ್ಟು, ಮೇಲೆ ಅವ್ವನನ್ನು ಮಲಗಿಸುವವರಿದ್ದೆವು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಹೇಗಿದೆ

ಎರಡೂ ಟ್ಯೂಬುಲರ್ ಮಾರಿದೆವು, 21 ಸಾವಿರ ಬಂತು. ಅದಕ್ಕೆ ಇನ್ನಷ್ಟು ಸೇರಿಸಿ 100 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಂದು ತಗೊಂಡೆವು. 12 ಕೆಜಿ ಅಷ್ಟೇ, ಗ್ಯಾಸ್ ಬಿಡುವುದಿಲ್ಲ, ನೂರರಲ್ಲಿ ಎಂಬತ್ತು-ತೊಂಬತ್ತು ಪಾಲು ಬಳಸಬಹುದು. ಟ್ಯೂಬುಲರ್‌ನಂಥ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಬೇಗ ಕೆಡುತ್ತದೆ. ಸೋಲಾರ್‌ನಿಂದ ಬ್ಯಾಟರಿ ತುಂಬುವುದನ್ನು ಹಿಡಿತದಲ್ಲಿಡುವ ಚಾರ್ಜ್ ಕಂಟ್ರೋಲರ್ ಕೂಡ ಬದಲಾಯಿಸಬೇಕಾಯಿತು, ಹಳೆಯದು ಸೀಸದ ಬ್ಯಾಟರಿಗೆ ಅಂತ ಆಗಾಗ ವೋಲ್ಟೇಜ್ ಏರಿಸುತ್ತಿತ್ತು, ಲಿಥಿಯಂಗೆ ಅದು ಆಗಿಬರುವುದಿಲ್ಲ. ಬ್ಯಾಟರಿಯನ್ನು ಮುಂದಿನ ಹಾಸಿಗೆ ಕೆಳಗೆ ಇಟ್ಟು ಗಾಳಿಗೆ ಜಾಲರಿ ಬಿಟ್ಟಿದ್ದೇವೆ. ಮೂಗಿನ ಮೇಲಿನ ಕಬ್ಬಿಣದ ಪೆಟ್ಟಿಗೆ ಏಪ್ರಿಲ್ ಬಿಸಿಲಲ್ಲಿ ಒಲೆಯಾಗುತ್ತದೆ, ಅಲ್ಲಿ ಇಡಲಿಲ್ಲ.

ಛಾವಣಿ ಮೇಲೆ 200 ವಾಟ್ ಸೋಲಾರ್ ಪ್ಯಾನಲ್. ಪ್ಯಾನಲ್ ಬಿಸಿಯಾದಷ್ಟೂ ಕರೆಂಟ್ ಕಡಿಮೆ, 25 ಡಿಗ್ರಿ ಮೇಲೆ ಪ್ರತಿ ಡಿಗ್ರಿಗೆ ಸುಮಾರು 0.4 ಶೇಕಡಾ. ನಮ್ಮ ಬೇಸಿಗೆಯಲ್ಲಿ ಪ್ಯಾನಲ್ 65 ಡಿಗ್ರಿ ಮುಟ್ಟಿದರೆ ಆರರಲ್ಲಿ ಒಂದು ಪಾಲು ಅಲ್ಲೇ ಹೋಯಿತು. ಅದಕ್ಕೆ ಅಂಟಿಸದೆ, ಕೆಳಗೆ ಮೂರು ಇಂಚು ಗಾಳಿ ಆಡುವಂತೆ ಆ್ಯಂಗಲ್ ಮೇಲೆ ಕೂರಿಸಿದ್ದೇವೆ. ಫ್ರಿಜ್‌ಗೆ ದಿನಕ್ಕೆ 50 ಎಎಚ್ ಆಸುಪಾಸು ಬೇಕು, ಬಿಸಿಲಿದ್ದರೆ ಅಷ್ಟು ವಾಪಸ್ ತುಂಬುತ್ತದೆ.

ನೀರಿನ ಟ್ಯಾಂಕ್ ಆ್ಯಕ್ಸಲ್ ಮೇಲಕ್ಕೆ ಬಂತು. ಈಗ ತುಂಬಿದರೂ ಖಾಲಿಯಾದರೂ ಮೂಗಿನ ತೂಕ ಬದಲಾಗುವುದಿಲ್ಲ. ಸ್ಟೆಪ್ನಿಯನ್ನು ಹಿಂದಿನಿಂದ ಬಿಚ್ಚಿ ಮುಂದಿನ ಫ್ರೇಮ್‌ಗೆ ಬೋಲ್ಟ್ ಹಾಕಿದೆವು, ಅದೊಂದರಿಂದಲೇ 20 ಕೆಜಿ ಸಿಕ್ಕಿತು. ಒಟ್ಟು 815, ಮೂಗು 95. ಅಕ್ಕಿ, ಬೇಳೆ, ಮಜ್ಜಿಗೆ ಕ್ಯಾನ್ ಎಲ್ಲ ಗಾಲಿ ಮೇಲೆ ನಡುವೆ. ಹಿಂದಿನ ಕಪಾಟಿನಲ್ಲಿ ಹಾಸಿಗೆ-ಬಟ್ಟೆ ಬಿಟ್ಟು ಏನೂ ಇಡುವುದಿಲ್ಲ. ಹೊಸದಾಗಿ ಏನೇ ಹಾಕಿದರೂ ತಕ್ಕಡಿಗೆ ಬಂದೇ ಹೋಗುತ್ತದೆ. ಕಳೆದ ವರ್ಷ ಹೆಂಡತಿ ಗ್ರೈಂಡರ್ ಇಡೋಣ ಅಂದಳು, ತೂಗಿ ನೋಡಿ ಜಾಗ ಕೊಟ್ಟೆವು.

2024ರ ಏಪ್ರಿಲ್ ಯುಗಾದಿಗೆ ಹೋಗಿ ಬಂದೆವು, 2025ರ ಮಾರ್ಚ್ 30ರ ಯುಗಾದಿಗೂ. 60 ದಾಟಿಸುವುದಿಲ್ಲ. ಬಸ್ಸು, ಲಾರಿ ಹಾಯ್ದಾಗ ಸಣ್ಣಗೆ ನೂಕಿದ ಹಾಗೆ ಅನಿಸುತ್ತದೆ, ಕೂಡಲೇ ನಿಲ್ಲುತ್ತದೆ. ಆದರೆ ಟ್ರೈಲರ್ ಅನ್ನು ಶ್ರೀಶೈಲದ ಘಾಟಿಗೆ ಹತ್ತಿಸುವುದಿಲ್ಲ. ನಮ್ಮದರಲ್ಲಿ ಇರುವುದು ಓವರ್‌ರನ್ ಬ್ರೇಕ್. ಕಾರು ನಿಧಾನವಾದಾಗ ಟ್ರೈಲರ್ ಮುಂದಕ್ಕೆ ನೂಕುತ್ತದೆ, ಆ ನೂಕಿನಿಂದಲೇ ಅದರ ಬ್ರೇಕ್ ಹಿಡಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಅದು ಬಿಡದೆ ನೂಕುತ್ತಲೇ ಇರುತ್ತದೆ, ಬ್ರೇಕ್ ಹಿಡಿದೇ ಇದ್ದು ಬಿಸಿಯಾಗುತ್ತದೆ. ಅದಕ್ಕೆ ಆತ್ಮಕೂರಿನಲ್ಲಿ ಪರಿಚಯದವರ ಹೊಲದಲ್ಲಿ ನಿಲ್ಲಿಸಿ, ಐಸ್ ಪೆಟ್ಟಿಗೆಯಲ್ಲಿ ಇನ್ಸುಲಿನ್ ಇಟ್ಟುಕೊಂಡು, ದೋರ್ನಾಲ ಮೇಲಿಂದ ಬೊಲೆರೊದಲ್ಲಿ ಅವ್ವನನ್ನು ಕರೆದುಕೊಂಡು ಹೋಗುತ್ತೇವೆ. ಕಾಡಿನ ಗೇಟ್ ರಾತ್ರಿ ಹಾಕುತ್ತಾರೆ, ಹಗಲೇ ದಾಟಬೇಕು.

ಬಾಕಿ ಉಳಿದ ಕೆಲಸ ಎರಡಿವೆ. ಎಡಗಡೆ ಕಿಟಕಿಯ ರಬ್ಬರ್ ಗಟ್ಟಿಯಾಗಿದೆ, ಈ ಮಳೆಗಾಲಕ್ಕೆ ಮುಂಚೆ ಬದಲಾಯಿಸಬೇಕು. ಹಿಂದಿನ ಲೀಫ್ ಸ್ಪ್ರಿಂಗ್ ಶ್ಯಾಕಲ್‌ನಲ್ಲಿ (ಸ್ಪ್ರಿಂಗನ್ನು ಫ್ರೇಮ್‌ಗೆ ಹಿಡಿಸುವ ಕೊಂಡಿಯಲ್ಲಿ) ಬುಶ್ ಸವೆದಿದೆ ಅಂತ ಮೇಸ್ತ್ರಿ ಹೇಳಿದ್ದಾರೆ, ಬೇರಿಂಗ್ ಬಿಚ್ಚುವಾಗ ಅದನ್ನೂ ಮಾಡಿಸುತ್ತೇನೆ.

ಈ ಸಲ ಆತ್ಮಕೂರಿನಲ್ಲಿ ಬೆಳಗಿನ ನಾಲ್ಕು ಗಂಟೆಗೆ ಎಚ್ಚರವಾಯಿತು. ನಡೆಯುವವರು ಆಗಲೇ ಹೊರಟಿದ್ದರು, ಹೊರಗೆ ಕತ್ತಲಲ್ಲಿ ಅವ್ವ ಸ್ಟೂಲ್ ಮೇಲೆ ಕೂತು ಸೌಟಿನಿಂದ ಮಜ್ಜಿಗೆ ಹಾಕಿ ಕೊಡುತ್ತಿದ್ದಳು. ಟಾರ್ಚ್ ಹಿಡಿದು ಫ್ರಿಜ್ ನೋಡಿದೆ. 5 ಡಿಗ್ರಿ ಇತ್ತು. ಬ್ಯಾಟರಿ 13.1.